ಕಂಬಳಿ ಹೊದ್ದ ಬೆಲ್ಲದ ಸೋಪು

ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಾದಿನಿಯ ಮದುವೆಗೆ ಇನ್ನೂ ಮೂರು ತಿಂಗಳಿರುವಾಗ, ಬರುವವರಿಗೆಲ್ಲ ತಾಂಬೂಲದ ಜೊತೆ ಅಳಿಯನೇ ಕೈಯಾರೆ ಮಾಡಿದ ಸೋಪು ಕೊಡತಕ್ಕದ್ದು ಎಂದು ನಾನು ಘೋಷಿಸಿದಾಗ ಬೆಳಕವಾಡಿಯ ಮಾವನ ಮನೆಯವರು ಮುಖ ಮುಖ ನೋಡಿಕೊಂಡರು. ಅದನ್ನು ಗೌರವವೆಂದೇ ತಿಳಿದೆ. ಆ ಮನೆಯಲ್ಲಿ ನನ್ನ ವಿದ್ಯೆಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಈ ಸಲ ಸಿಗಲೇಬೇಕಿತ್ತು!

ಮೊದಲು ಒಂದೇ ಸೋಪು ಮಾಡಿ ನೋಡಿದೆ. ಕೊಬ್ಬರಿ ಎಣ್ಣೆ, ಕಾಸ್ಟಿಕ್ ಸೋಡಾದ ನೀರು, ಮಂಡ್ಯದ ಹೆಮ್ಮೆಗೆಂದು ತುಸು ಬೆಲ್ಲದ ಪಾಕ. ಟವೆಲ್ ಹೊದಿಸಿಟ್ಟೆ. ಬೆಳಿಗ್ಗೆ ಅಚ್ಚುಕಟ್ಟಾದ ಸೋಪು! ಇನ್ನೇನು, ಬರೀ ಗುಣಾಕಾರ. ಬೀಗರೂಟದ ಸಾರಿಗೆಂದು ಅತ್ತೆ ಇಟ್ಟಿದ್ದ ದೊಡ್ಡ ಸ್ಟೀಲ್ ಕೊಳಗ ಹಜಾರಕ್ಕೆ ಬಂತು. ಎಣ್ಣೆ ಮುನ್ನೂರು ಪಟ್ಟು, ಸೋಡಾ ಮುನ್ನೂರು ಪಟ್ಟು, ಬೆಲ್ಲವೂ ಮುನ್ನೂರು ಪಟ್ಟು. ಟವೆಲ್ ಮುನ್ನೂರು ಸಿಗಲಿಲ್ಲ. ಮಾವನವರ ಕಂಬಳಿ ಹೊದಿಸಿದೆ.

ಹೆಂಡತಿ ಸುಧಾ ಕೊಳಗ ಮುಟ್ಟಿ ಕೈ ಕೊಡವಿದಳು. “ಏನ್ರೀ, ಸುಡ್ತದೆ! ಕಂಬಳಿ ತಗೀರಿ, ಕಾವು ಎತ್ಲಾಗ್ ಓಗ್ಬೇಕು?”

“ಶಾಖ ಬಿಡುವುದು ಈ ಕ್ರಿಯೆಯ ಸ್ವಭಾವ. ನಿನಗೆ ತಿಳಿಯುವುದಿಲ್ಲ.”

“ಸ್ವಭಾವ ಇರ್ಲಿ, ಅದ್ಕೆ ದಾರಿ ಬುಡಿ!”

ಒಂದು ಸೋಪಿನ ಕಾವು ಸುತ್ತಲಿಂದಲೂ ಹೊರಗೆ ಹೋಗುತ್ತದೆ. ಕೊಳಗದ ನಡುವಿನ ಕಾವಿಗೆ ಹೋಗಲು ಜಾಗವಿಲ್ಲ. ಬೆಲ್ಲ ಅದನ್ನು ಇನ್ನಷ್ಟು ಏರಿಸುತ್ತದೆ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಆ ಹೊತ್ತಿನಲ್ಲಿ ಮಾತ್ರ ಕಾಫಿ ಕುಡಿಯುತ್ತಿದ್ದೆ.

ಕಂಬಳಿ ಎದ್ದು ಕೂತಿತು! ಅದರಡಿಯಿಂದ ಕಂದು ಸೋಪು ಬುಸುಬುಸು ಉಕ್ಕಿ, ಅಂಚು ದಾಟಿ ಹಜಾರಕ್ಕೆ ಇಳಿಯಿತು.

“ಅಯ್ಯೋ, ಆಲೆಮನೆ ಕೊಪ್ಪರಿಗೆ ಉಕ್ದಂಗ್ ಉಕ್ತಾ ಅದಲ್ಲಪ್ಪೋ!” ಎಂದು ಅತ್ತೆ ಎಲ್ಲರನ್ನೂ ಅಂಗಳಕ್ಕೆ ಅಟ್ಟಿದರು.

“ನನ್ ಕಂಬಳಿ!” ಎಂದರು ಮಾವ.

ಕಂಬಳಿ ಅಷ್ಟರಲ್ಲಿ ಅರ್ಧವೇ ಉಳಿದಿತ್ತು. ಉಣ್ಣೆಯನ್ನು ಕಾಸ್ಟಿಕ್ ಸೋಡಾ ತಿಂದುಹಾಕುತ್ತದೆ. ಅದೂ ನನ್ನ ಪಾಠದಲ್ಲೇ ಇದೆ.

ಆರಿದ ಮೇಲೆ ಕತ್ತರಿಸಿದರೆ ಬಂದದ್ದು ಸೊಟ್ಟ ಸೊಟ್ಟ ಕಂದು ಉಂಡೆಗಳು. “ಇದ ಕೊಟ್ರೆ ಗಂಡಿನ್ ಕಡೆಯೋರು ಬೆಲ್ಲ ಅಂತ ಕಚ್ಬುಡ್ತಾರೆ,” ಎಂದಳು ಸುಧಾ. ತಾಂಬೂಲಕ್ಕೆ ತೆಂಗಿನಕಾಯಿಯೇ ಎಂದು ತೀರ್ಮಾನವಾಯಿತು. ಮದುವೆಯವರೆಗೂ ನನ್ನ ಸೋಪು ತಿಂಗಳುಗಟ್ಟಲೆ ಹಿತ್ತಿಲಲ್ಲಿ ಬಿದ್ದಿತ್ತು. ನಿಜಕ್ಕೂ ಅಳು ಬಂದಿತ್ತು.

ಮದುವೆ ಮುಗಿದು ಬೀಗರೂಟದ ದಿನ ಅಡುಗೆಯವನು ನನ್ನನ್ನು ಹುಡುಕಿಕೊಂಡು ಬಂದ. “ಸಾ, ಇತ್ಲಲ್ ಬಿದ್ದಿದ್ದ ನಿಮ್ ಉಂಡೇಲಿ ಪಾತ್ರೆ ತಿಕ್ದೆ, ಒಂದೇ ಉಜ್ಜಿಗೆ ಕುರಿ ಕೊಬ್ಬೆಲ್ಲಾ ಇಳ್ದೋಯ್ತು! ಇಂತಾ ಸೋಪ ನಾನ್ ಕಂಡೇ ಇಲ್ಲ!”

ಅತ್ತೆ ಬೀಗರ ಮುಂದೆ ಸೆರಗು ಸರಿಮಾಡಿಕೊಂಡರು. “ನಮ್ಮಳಿಯಂದ್ರೇ ಮಾಡಿದ್ದು. ಬಾಳಾ ಓದವ್ರೆ.”

ಕೊನೆಗೂ ನನ್ನ ವಿದ್ಯೆಗೆ ಬೆಲೆ ಸಿಕ್ಕಿತು! ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಸುಧಾ ಆ ದೊಡ್ಡ ಕೊಳಗವನ್ನು ನನ್ನ ಮುಂದೆ ಉರುಳಿಸಿದಳು. “ಇದೊಂದ್ ಉಳ್ದದೆ, ತೊಳ್ದ್ಬುಡಿ. ನಿಮ್ ಕೈಗೇ ಪಳಗಿರೋದು.”

ತೊಳೆದೆ. ಮುಖ ಕಾಣುವಷ್ಟು ಹೊಳೆಯಿತು. ನೋಡಿಕೊಳ್ಳುವ ಧೈರ್ಯ ಮಾತ್ರ ಆಗಲಿಲ್ಲ!