ಕಾಲುವೆಗೆ ಬಿಟ್ಟ ಎರಡು ಕಲ್ಲು

ತಪ್ಪು ತಿಳಿವಳಿಕೆ ಬೇರೆಯವರ ತಲೆಯಲ್ಲಿದ್ದರೆ ಅದನ್ನು ತೆಗೆಯುವುದು ಸುಲಭ. ನಮ್ಮದೇ ತಲೆಯಲ್ಲಿದ್ದರೆ ಅದಕ್ಕೆ ಅನುಭವ ಎಂದು ಹೆಸರು. ಇದು ನನಗೆ ತಿಳಿದದ್ದು ಶಹಾಪುರದಲ್ಲಿ ಬಿ.ಎಡ್. ಓದುವಾಗ. ಕುರಿ ಕಾಯುತ್ತಾ ಓದಿ ಮನೆತನಕ್ಕೇ ಮೊದಲ ಪದವೀಧರನಾದವನು ನಾನು. ಆ ಗರ್ವ ಅಂಗಿಯ ಜೇಬಿನ ಪೆನ್ನಿನ ಹಾಗೆ ಎಲ್ಲರಿಗೂ ಕಾಣುವಂತೆಯೇ ಇರುತ್ತಿತ್ತು.

ಸುರಪುರದ ಶಾಲೆಯಲ್ಲಿ ಕೊಡಬೇಕಿದ್ದ ಕೊನೆಯ ಅಭ್ಯಾಸ ಪಾಠದ ಯೋಜನೆಯನ್ನು ನಮ್ಮ ಶಾಂತಾ ಮೇಡಂ ಮುಂದಿಟ್ಟೆ. ಅವರ ಸಹಿ ಇಲ್ಲದಿದ್ದರೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಆ ವರ್ಷವೇ ಹೋಯಿತು. 'ಭಾರದ ಕಲ್ಲು ಹಗುರ ಕಲ್ಲಿಗಿಂತ ಬೇಗ ಬೀಳುತ್ತದೆ' ಎಂದು ಬರೆದಿದ್ದೆ. ಮೇಡಂ ಪೆನ್ನು ಕೆಳಗಿಟ್ಟರು.

"ಇದು ತಪ್ಪೈತ್ರಿ ನಿಂಗಪ್ಪ. ಎರಡೂ ಕೂಡೇ ಬೀಳ್ತಾವ."

"ಮೇಡಂ, ನಮ್ಮಪ್ಪ ಕಾಲೇಜಿನ ಹಿಂದಿನ ಈ ಕಾಲುವಿ ಕಟ್ಟುವಾಗ ಕಲ್ಲು ಹೊತ್ತಾನ್ರಿ. ಕಲ್ಲಿನ ಸುದ್ದಿ ನನಗ ಹೇಳಬ್ಯಾಡ್ರಿ!"

ಹಿಂದಿನ ವಾರವಷ್ಟೇ 'ಕಲಿಕೆಯಲ್ಲಿ ಭಾವನೆಗಳ ಪಾತ್ರ' ಎಂಬ ಪಾಠದ ಪರೀಕ್ಷೆಯಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದವನು ನಾನು. ಅವಮಾನವಾದರೆ ಕಲಿಯುವವನ ಬುದ್ಧಿ ಬಾಗಿಲು ಹಾಕಿಕೊಳ್ಳುತ್ತದೆ ಎಂದು ಎರಡು ಪುಟ ಬರೆದಿದ್ದೆ. ಈಗ ಕಿವಿ ಬಿಸಿಯಾಗಿ, ಆ ಎರಡು ಪುಟಕ್ಕೆ ನಾನೇ ಉದಾಹರಣೆಯಾಗಿ ನಿಂತಿದ್ದೆ.

ಮೇಡಂ ವಾದಕ್ಕಿಳಿಯಲಿಲ್ಲ. ಚಹಾ ಕುಡಿಸಿ, ಕಾಲುವೆಯ ಸೇತುವೆಗೆ ಕರೆದೊಯ್ದು, ತೆಂಗಿನಕಾಯಿಯಷ್ಟು ದೊಡ್ಡ ಕಲ್ಲೊಂದನ್ನು, ನಿಂಬೆಹಣ್ಣಿನಷ್ಟು ಸಣ್ಣದೊಂದನ್ನು ಕೈಗೆ ಕೊಟ್ಟರು. ಬಿಟ್ಟೆ. ಎರಡೂ ಒಟ್ಟಿಗೇ ನೀರಿಗೆ ಬಿದ್ದವು. ಗಾಳಿ ಅಡ್ಡ ಬಂತೆಂದೆ. ಬೇರೆ ಕಲ್ಲು ಹುಡುಕಿ ಮತ್ತೆ ಬಿಟ್ಟೆ. ಎಡಗೈ ಅವಸರ ಮಾಡಿತೆಂದೆ. ಎಮ್ಮೆ ಹೊಡೆದುಕೊಂಡು ಬಂದ ಮುದುಕಿಯೊಬ್ಬಳು, "ಯಪ್ಪಾ, ಕಾಲುವಿ ಮುಚ್ಚಾಕ ಹೊಂಟೀಯೇನೋ?" ಎಂದು ಕೇಳಿದ ಮೇಲೆಯೇ ನಿಲ್ಲಿಸಿದ್ದು. ಯೋಜನೆ ತಿದ್ದಿ ಬರೆದೆ, ಸಹಿ ಸಿಕ್ಕಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಊರಿಗೆ ಹೋಗಿ ಅಪ್ಪನ ಮುಂದೆ ದೂರು ಹೇಳಿದೆ. ಅಪ್ಪ ಬೀಡಿ ಆರಿಸಿ ನಕ್ಕ.

"ಅಕ್ಕೋರು ಖರೇನ ಹೇಳ್ಯಾರ. ಮ್ಯಾಲಿಂದ ಬುಟ್ಟಿ ಜಾರಿದ್ರ ದೊಡ್ಡ ಕಲ್ಲು, ಸಣ್ಣ ಕಲ್ಲು ಕೂಡೇ ಬರ್ತಿದ್ವು. ದೊಡ್ಡದು ಬಿತ್ತು, ಸಣ್ಣದು ಇನ್ನಾ ತಡ ಐತಿ ಅಂತ ಯಾವನೂ ಅಲ್ಲಿ ನಿಂದರತಿರಲಿಲ್ಲ. ನನ್ನ ಹೆಸರ ಹೇಳಿ ಜಗಳಾ ತಗಿಯೂ ಮೊದಲ ನನ್ನ ಒಂದ ಮಾತ ಕೇಳಬಾರದೇನೋ, ಮಾಸ್ತರ?"

ಈಗ ನಾನೇ ಯಾದಗಿರಿಯಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳುತ್ತೇನೆ. ಅವರ ತಪ್ಪು ತಿದ್ದುವ ಮೊದಲು, ಮನಸ್ಸಿಗೆ ನೋವಾಗದಿರಲೆಂದು ಚಹಾ ತರಿಸುತ್ತೇನೆ. ಅವರಲ್ಲಿ ಯಾರಾದರೂ ನನ್ನ ತಪ್ಪು ತೋರಿಸಿದ ದಿನ ಮಾತ್ರ, ಯಾಕೋ, ಚಹಾ ತರಿಸುವುದು ಮರೆತುಹೋಗುತ್ತದೆ.