ನಮ್ಮ ಭಾವನ ಹಳೇ ಇಂಗ್ಲೆಂಡು

ನಮ್ಮ ಭಾವ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ವಾಸವಾಗಿದ್ದಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ! ಅವರ ಮನೆ ಅಲ್ಲಿದೆ, ಕಾರು ಅಲ್ಲಿದೆ, ಅವರನ್ನು ಕಟ್ಟಿಕೊಂಡ ನಮ್ಮ ಅಕ್ಕ ಅಲ್ಲಿದ್ದಾಳೆ. ಭಾವ ಮಾತ್ರ ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿದ್ದಾರೆ. ಕಾಫಿಯ ವಾಸನೆ ಬಂದರೆ ಈ ಕಾಲಕ್ಕೆ ಒಂದು ಸಲ ಬಂದು, ಲೋಟ ಖಾಲಿ ಮಾಡಿ, ಮತ್ತೆ ಅಲ್ಲಿಗೇ ಹೊರಟುಬಿಡುತ್ತಾರೆ.

ಹಾಗಂತ ಅವರು ಚರಿತ್ರೆಯ ಪ್ರೊಫೆಸರೇನಲ್ಲ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಇಲ್ಲಿ ಯಾವುದೋ ಸರ್ಕಾರಿ ಕಂಟ್ರಾಕ್ಟಿನ ಕೆಲಸದಲ್ಲಿರುವ ಸಾಧು ಪ್ರಾಣಿ. ಎಲ್ಲ ಶುರುವಾದದ್ದು ಲಾಕ್‌ಡೌನಿನಲ್ಲಿ. ಊರಿಗೆ ಊರೇ ಮನೆಯಲ್ಲಿ ಬ್ರೆಡ್ ಮಾಡಲು ಕೂತಿತ್ತಲ್ಲ, ಭಾವನೂ ಹಿಟ್ಟು ನಾದಿದರು. ಉಳಿದವರೆಲ್ಲ ಬ್ರೆಡ್ ತಿಂದು ಸುಮ್ಮನಾದರು. ಭಾವ ಮಾತ್ರ ಈ ಬ್ರೆಡ್ಡನ್ನು ಮೊದಲು ಯಾರು ಯಾರಿಗೆ ಕೊಡುತ್ತಿದ್ದರು ಎಂದು ಹುಡುಕುತ್ತಾ ಹೋಗಿ ಆಂಗ್ಲೋ-ಸ್ಯಾಕ್ಸನ್ನರ ಕಾಲಕ್ಕೆ ಬಿದ್ದರು. ಬಿದ್ದವರು ಎದ್ದಿಲ್ಲ.

"ನೋಡಮ್ಮ, ಅಲ್ಲಿ ಒಡೆಯ ಅಂದ್ರೆ ಬ್ರೆಡ್ ಕೊಡೋನು. ಕತ್ತಿ ಹಿಡಿಯೋದು ಆಮೇಲೆ. ತನ್ನ ಆಳುಗಳ ಹೊಟ್ಟೆ ನೋಡ್ಕೊಳ್ಳೋದೇ ಅವನ ಮೊದಲನೇ ಡ್ಯೂಟಿ" ಎಂದರು. ಅಂದಿನಿಂದ ಪ್ರತಿ ಭಾನುವಾರ ನಮಗೆಲ್ಲ ಒಂದೊಂದು ಬ್ರೆಡ್ ದಯಪಾಲಿಸುತ್ತಾರೆ. ಅದು ಎಂಥ ಬ್ರೆಡ್ ಅಂತೀರಿ! ಚಾಕು ಬಾಗುತ್ತದೆಯೇ ಹೊರತು ಅದು ಬಾಗುವುದಿಲ್ಲ. ಫೇರ್‌ಫ್ಯಾಕ್ಸಿನ ನಮ್ಮ ಮನೆಯ ಗರಾಜಿನ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ನಾನು ಇಟ್ಟಿರುವುದು ಏನೆಂದು ಭಾವನಿಗೆ ದಯವಿಟ್ಟು ಹೇಳಬೇಡಿ.

ಬ್ರೆಡ್ಡಿನ ಹಿಂದೆಯೇ ವರ್ಗೀಕರಣ ಶುರುವಾಯಿತು. ಆ ಸಮಾಜದಲ್ಲಿ ಮೇಲೆ ರಾಜ, ಅವನ ಕೆಳಗೆ ಥೇನ್ ಎಂಬ ಜಮೀನ್ದಾರ, ಅವನ ಕೆಳಗೆ ಸ್ವತಂತ್ರ ರೈತ, ಆಮೇಲೆ ಒಡೆಯನ ಜಮೀನಿಗೆ ಅಂಟಿಕೊಂಡ ಒಕ್ಕಲು, ಎಲ್ಲರಿಗಿಂತ ಕೆಳಗೆ ಗುಲಾಮ. ಭಾವ ನಮ್ಮ ಸುತ್ತಮುತ್ತಲ ಕನ್ನಡಿಗರನ್ನೆಲ್ಲ ಈ ಏಣಿಯಲ್ಲಿ ಹತ್ತಿಸಿ ಇಳಿಸತೊಡಗಿದರು. ಒಮ್ಮೆ ಪಕ್ಕದ ಊರು ಆಲ್ಡಿಯಲ್ಲಿ ಪರಿಚಯದ ಹುಡುಗನೊಬ್ಬ ಹೊಸ ಮನೆ ಕಟ್ಟಿಸಿಕೊಂಡು ಗೃಹಪ್ರವೇಶಕ್ಕೆ ಕರೆದಿದ್ದ. ಎಲ್ಲರೂ ಸತ್ಯನಾರಾಯಣನ ಕಥೆ ಕೇಳುತ್ತಿದ್ದರೆ ಭಾವ ಮನೆಯನ್ನೆಲ್ಲ ತಪಾಸಣೆ ಮಾಡಿ ಬಂದರು.

"ರೈತ ಥೇನ್ ಆಗ್ಬೇಕಾದ್ರೆ ಸ್ವಂತ ಜಮೀನು, ಅಡುಗೆಮನೆ, ದೇವರಮನೆ, ಗಂಟೆ, ಗೇಟು ಇರ್ಬೇಕಪ್ಪ. ನಿಂಗೆ ಎಲ್ಲಾ ಇದೆ. ಕಂಗ್ರಾಜುಲೇಷನ್ಸ್, ನೀನು ಥೇನ್!"

ಹುಡುಗ ಪಂಚೆ ಸರಿಮಾಡಿಕೊಳ್ಳುತ್ತಾ ನಾಚಿಕೊಂಡ. "ಜಮೀನು ಇನ್ನೂ ಬ್ಯಾಂಕಿಂದೇ ಅಲ್ವಾ ಅಂಕಲ್?"

"ಹೌದಾ? ಹಾಗಾದ್ರೆ ಬ್ಯಾಂಕೇ ಥೇನ್. ನೀನು ಪ್ರಸಾದ ಕೊಡು!"

ಭಾವನ ಮಗಳು ಇಲ್ಲೇ ಹುಟ್ಟಿದವಳು. ಒಂದು ದಿನ ತಡೆಯಲಾರದೆ ಕೇಳಿದಳು. "ಓಕೆ ಅಪ್ಪ, ದೆನ್ ವಾಟ್ ಆಮ್ ಐ?"

"ನೀನು ರಾಜ ಕಣಮ್ಮ. ಆಗಿನ ರಾಜ ಊರಿಂದೂರಿಗೆ ಹೋಗಿ ಕೂತು ಊಟ ಮಾಡ್ತಿದ್ದ. ಊಟ ಮುಗಿದ್ರೆ ಮುಂದಿನೂರು. ನೀನೂ ಕಾಲೇಜಿಂದ ಊಟಕ್ಕೆ ಮಾತ್ರ ತಾನೇ ಬರೋದು?"

ಒಳಗಿನಿಂದ ಅಕ್ಕನ ದನಿ ಬಂತು. "ಪ್ರತಿ ಶನಿವಾರ ನನ್ನ ತಂಗಿ ಮನೇಲಿ ಪುಳಿಯೋಗರೆ ತಿಂದು ಬರೋ ರಾಜ ಯಾರು ಅಂತಾನೂ ಹೇಳ್ರೀ ಮಗಳಿಗೆ!"

ಇನ್ನು ನನ್ನ ಸರದಿ. ನಾನು ಯಾವ ಮೆಟ್ಟಿಲಲ್ಲಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಂಪನಿ ಕೊಡಿಸಿದ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸ, ವರ್ಷಗಟ್ಟಲೆ ಗ್ರೀನ್ ಕಾರ್ಡಿನ ಕ್ಯೂ. ನನಗಿದ್ದದ್ದು ಒಂದೇ ಒಂದು ಆಸೆ: ಒಂದು ಪುಟ್ಟ ಮೆಸ್ ತೆಗೆಯಬೇಕು. ನಾಲ್ಕೈದು ಟೇಬಲ್ಲು, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಪುಳಿಯೋಗರೆ, ಸಂಜೆ ಕಾಫಿ. ಆದರೆ ಆ ವೀಸಾದಲ್ಲಿ ಕಂಪನಿಯ ಕೆಲಸ ಬಿಟ್ಟು ಸ್ವಂತಕ್ಕೆ ಒಂದು ಇಡ್ಲಿ ಮಾರಿದರೂ ಗಂಟುಮೂಟೆ ಕಟ್ಟಬೇಕು. ಗ್ರೀನ್ ಕಾರ್ಡ್ ಬರುವವರೆಗೆ ಕೋಡ್ ಬರೆಯುತ್ತಾ, ಮನಸ್ಸಿನಲ್ಲೇ ಹಿಟ್ಟು ರುಬ್ಬುತ್ತಾ ಕೂರುವುದೊಂದೇ ದಾರಿ.

"ನೀನು ಒಕ್ಕಲು ಕಣಮ್ಮ" ಎಂದು ಭಾವ ನನ್ನ ಪುಳಿಯೋಗರೆಯನ್ನೇ ಕಲಸುತ್ತಾ ತೀರ್ಪು ಕೊಟ್ಟರು. "ಒಡೆಯ ಒಕ್ಕಲಿಗೆ ಎರಡು ಎತ್ತು, ಒಂದು ಹಸು, ಆರು ಕುರಿ ಕೊಡೋನು. ಆದ್ರೆ ಒಕ್ಕಲು ಸತ್ತ ಮೇಲೆ ಎಲ್ಲಾ ಒಡೆಯನಿಗೇ ವಾಪಸ್."

"ನಂಗ್ಯಾರೂ ಕುರಿ ಕೊಟ್ಟಿಲ್ಲ ಭಾವ."

"ಲ್ಯಾಪ್‌ಟಾಪು, ಎರಡು ಮಾನಿಟರು ಕೊಟ್ಟಿದಾರಲ್ಲ? ಕೆಲಸ ಬಿಟ್ರೆ ವಾಪಸ್ ಕಳಿಸು ಅಂತ ಡಬ್ಬಾನೂ ಕಳಿಸ್ತಾರೆ!"

ನನಗೆ ನಗುವೂ ಬಂತು, ಮೈ ಉರಿದೂ ಹೋಯಿತು. ಎಷ್ಟಾದರೂ ಅವರು ಸಿಟಿಜನ್. ಏಣಿಯ ಮೇಲೆ ಕೂತು ಕೆಳಗಿನವರನ್ನು ಎಣಿಸುವುದು ಸುಲಭ. "ಊರೋರಿಗೆಲ್ಲ ಪಟ್ಟ ಕಟ್ತೀರಲ್ಲ, ನೀವು ಯಾವ ವರ್ಗ ಭಾವ?" ಎಂದು ಕೇಳಿಯೇಬಿಟ್ಟೆ. ಎಲ್ಲದಕ್ಕೂ ಉತ್ತರವಿರುವ ಮನುಷ್ಯ ಅಂದು ಮಾತ್ರ "ಗೊಜ್ಜು ಇನ್ನೊಂಚೂರು ಹಾಕು" ಎಂದು ತಟ್ಟೆ ಮುಂದೆ ಮಾಡಿದರು.

ಹೋದ ಚಳಿಗಾಲ ಮುಗಿಯುವ ಹೊತ್ತಿಗೆ ನನ್ನ ಗ್ರೀನ್ ಕಾರ್ಡ್ ಬಂತು. ಟಪಾಲು ಡಬ್ಬಿಯ ಮುಂದೆ ನಿಂತು ಅತ್ತುಬಿಟ್ಟೆ. ಅಕ್ಕನಿಗೆ ಫೋನ್ ಮಾಡಿ ಮತ್ತೆ ಅತ್ತೆ. ಭಾವ ಅವಳ ಕೈಯಿಂದ ಫೋನ್ ಕಿತ್ತುಕೊಂಡು "ಭಾನುವಾರ ಬೆಳಿಗ್ಗೆ ಸ್ನಾನ ಮಾಡ್ಕೊಂಡು ಬಾ. ಒಂದು ಶಾಸ್ತ್ರ ಇದೆ" ಎಂದರು. ಪೂಜೆ ಇಟ್ಟುಕೊಂಡಿರಬೇಕೆಂದು ಹೂವು ಹಣ್ಣು ಹಿಡಿದು ಹೋದೆ. ಭಾವ ನನ್ನನ್ನು ಒಳಗೇ ಬಿಡದೆ, ಕಂಕುಳಲ್ಲಿ ಏನನ್ನೋ ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡು, ರಸ್ತೆಯ ಕೊನೆಯ ನಾಲ್ಕು ದಾರಿ ಕೂಡುವ ಕಡೆಗೆ ನಡೆಸಿಕೊಂಡು ಹೋದರು. ನಾಲ್ಕೂ ಕಡೆ ಸ್ಟಾಪ್ ಬೋರ್ಡಿರುವ ಜಾಗ ಅದು.

"ಆ ಕಾಲದಲ್ಲಿ ಗುಲಾಮನ್ನ ಬಿಡುಗಡೆ ಮಾಡೋವಾಗ ಇಂಥಾ ಜಾಗಕ್ಕೆ ಕರ್ಕೊಂಡು ಬಂದು ನಿಲ್ಲಿಸ್ತಿದ್ರಂತೆ. ದಾರಿ ಎಲ್ಲಾ ತೆರೆದಿದೆ, ಎಲ್ಲಿಗೆ ಬೇಕಾದ್ರೂ ಹೋಗು ಅಂತ ತೋರಿಸೋರು. ನೀನು ಗುಲಾಮಳಲ್ಲ, ಗೊತ್ತು. ಆದ್ರೂ ಶಾಸ್ತ್ರ ಶಾಸ್ತ್ರಾನೇ."

ನನಗೆ ನಾಚಿಕೆಯಿಂದ ಎಲ್ಲಿ ಅಡಗಲಿ ಎನಿಸಿತು. ನಾಲ್ಕು ಕಡೆಯೂ ಕಾರುಗಳು ನಿಂತಿದ್ದವು, ನಾವು ರಸ್ತೆ ದಾಟುತ್ತೇವೆಂದು ಎಲ್ಲರೂ ಕಾಯುತ್ತಿದ್ದರು. ಒಬ್ಬ ಹೆಂಗಸು ಗಾಜು ಇಳಿಸಿ, "ಆರ್ ಯು ಟೂ ಓಕೆ?" ಎಂದಳು.

ಭಾವ ಕೈಯೆತ್ತಿ ಕೂಗಿದರು. "ಯೆಸ್! ಷಿ ಈಸ್ ಫ್ರೀ!"

ಆಕೆಗೆ ಏನರ್ಥವಾಯಿತೋ ದೇವರೇ ಬಲ್ಲ. ಖುಷಿಯಾಗಿ ಹಾರ್ನ್ ಬಾರಿಸಿಕೊಂಡು ಹೋದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಭಾವ ನಗಲಿಲ್ಲ.

"ಇನ್ನೂ ಮುಗಿದಿಲ್ಲ. ಸ್ವತಂತ್ರ ಆದೋನ ಕೈಗೆ ಒಂದು ಆಯುಧ ಕೊಡ್ಬೇಕು" ಎನ್ನುತ್ತಾ ಟವೆಲ್ ಬಿಚ್ಚಿದರು. ಒಳಗಿದ್ದದ್ದು ಉದ್ದ ಹಿಡಿಯ ಹಿತ್ತಾಳೆ ಸೌಟು. ಅಂಚು ಒಂದು ಕಡೆ ಸವೆದುಹೋಗಿತ್ತು.

"ನಮ್ಮಮ್ಮಂದು. ಮದುವೆ ಮನೆಗಳಲ್ಲಿ ಅಡುಗೆ ಮಾಡಿ ನನ್ನ ಓದಿಸಿದ್ಲು. ಯಾವ ವರ್ಗ ಅಂತ ಕೇಳಿದ್ಯಲ್ಲ ಅವತ್ತು, ಇದೇ ನನ್ನ ವರ್ಗ. ಸಾವಿರಾರು ಜನಕ್ಕೆ ಬಡಿಸಿದ್ಲಮ್ಮ, ಆದ್ರೆ ಒಂದು ಅಡುಗೆಮನೇನೂ ಅವಳದ್ದಾಗಿರ್ಲಿಲ್ಲ. ಈ ಸೌಟೊಂದೇ ಸ್ವಂತದ್ದು." ಭಾವನ ದನಿ ಸಣ್ಣಗಾಯಿತು. "ಇದಕ್ಕೊಂದು ಅಡುಗೆಮನೆ ಮಾಡ್ಕೊಡಮ್ಮ."

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಏಣಿಯ ಮೇಲೆ ಕೂತವರೆಂದು ನಾನು ತಿಳಿದಿದ್ದ ಮನುಷ್ಯ ಇಷ್ಟು ದಿನವೂ ಆ ಏಣಿಯ ಬುಡದಲ್ಲಿ ತಮ್ಮ ತಾಯಿಯನ್ನು ಹುಡುಕುತ್ತಿದ್ದರು. ಸೌಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ.

ಭಾವ ಕನ್ನಡಕ ಒರೆಸಿಕೊಂಡು ಕೇಳಿದರು. "ಹೂಂ, ನಾಲ್ಕೂ ದಾರಿ ತೆರೆದಿದೆ. ಯಾವ ಕಡೆ ಹೋಗ್ತೀಯಾ?"

"ನಿಮ್ಮನೆ ಕಡೆಗೇ ಭಾವ. ಇವತ್ತು ಭಾನುವಾರ ಅಲ್ವಾ, ನಂಗೆ ಬ್ರೆಡ್ ಬೇಕು."