ಕಲ್ಯಾಣಪ್ಪ ಬೀಳಲು ಹೊರಟ ದಿನ

ಬೆಳಗಿನ ಚಹಾದ ಹೊತ್ತಿಗೆ ಮೊಬೈಲಿಗೆ ಬಂದ ಒಂದು ಫೋಟೊ ಕಲ್ಯಾಣಪ್ಪನ ಇಡೀ ದಿನ ಕೆಡಿಸಿತು. ಅದರಲ್ಲಿ ಕಮಲಾಪುರದ ಬೀಗ ದೌಲಪ್ಪ ಹೊಸ ಕೈಕುರ್ಚಿಯಲ್ಲಿ ಕೂತಿದ್ದ. ಹೆಗಲಿಗೆ ಶಾಲು, ಕೈಯಲ್ಲಿ ಹೊಳೆಯುವ ಕೋಲು. ಪಕ್ಕದಲ್ಲಿ ನಿಂತು ಅವನಿಗೆ ಕೆಂಪು ಬಾಳೆಹಣ್ಣು ಸುಲಿದು ಕೊಡುತ್ತಿದ್ದವಳು ಕಲ್ಯಾಣಪ್ಪನ ಸ್ವಂತ ಮಗಳು ವಿದ್ಯಾವತಿ.

“ನನಗ ಒಂದ ದಿನಾನೂ ಸುಲದು ಕೊಟ್ಟಿಲ್ಲ ಅಕಿ,” ಎಂದ.

“ಅವರು ಬಚ್ಚಲದಾಗ ಬಿದ್ದು ಸೊಂಟ ನೋವು ಮಾಡಿಕೊಂಡಾರ. ನೀವೇನ್ ಬಿದ್ದೀರಿ?” ಎಂದಳು ಹೆಂಡತಿ ಸೂಗಮ್ಮ, ಸೀರೆಯ ನೆರಿಗೆ ಸರಿಪಡಿಸುತ್ತ.

ಆ ದಿನ ಕಮಲಾಪುರದಲ್ಲಿ ವಿದ್ಯಾವತಿಯ ಎರಡನೆಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ದೌಲಪ್ಪನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಒಬ್ಬ ಹಿರಿಯ ಗಂಡಸು ಕೂಸನ್ನು ಒಳಮನೆಯಿಂದ ಎತ್ತಿ ತಂದು, ತೊಟ್ಟಿಲ ಬಳಿ ಹೆಂಗಸರ ಕೈಗೆ ಕೊಡಬೇಕು. ಮೊದಲ ಮೊಮ್ಮಗಳ ತೊಟ್ಟಿಲು ಕಲಬುರಗಿಯ ಗಾಜಿಪುರದಲ್ಲಿ, ಕಲ್ಯಾಣಪ್ಪನ ಮನೆಯಲ್ಲೇ ಆಗಿತ್ತು. ಆದರೂ ದೌಲಪ್ಪ “ನಮ್ಮ ಮನಿತನದ ಪದ್ಧತಿರಿ” ಎಂದು ತಾನೇ ಎತ್ತಿಕೊಂಡಿದ್ದ. ಈ ಸಲವಾದರೂ ಕೂಸು ತನ್ನ ಕೈಗೆ ಬರಬೇಕೆಂದು ಕಲ್ಯಾಣಪ್ಪ ತಿಂಗಳಿಂದ ಕಾಯುತ್ತಿದ್ದ.

ಆದರೆ ಬಿದ್ದಾಗಿನಿಂದ ದೌಲಪ್ಪನ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಅವನು ಕೆಮ್ಮಿದರೆ ನೀರು ಬರುತ್ತಿತ್ತು, ಕತ್ತು ತಿರುಗಿಸಿದರೆ ದಿಂಬು ಬರುತ್ತಿತ್ತು. ಇನ್ನು ಕೂಸು ಬೇಕೆಂದರೆ ಇಲ್ಲವೆನ್ನುವವರು ಯಾರು? ನಿವೃತ್ತ ಸರ್ವೇಯರ್ ಆದ ಕಲ್ಯಾಣಪ್ಪ ಲೆಕ್ಕ ಹಾಕಿದ. ತಾನೂ ಒಮ್ಮೆ ಬಿದ್ದರೆ ಇಬ್ಬರೂ ಸಮ. ಸಮವಾದ ಮೇಲೆ ಎರಡು ವರ್ಷ ದೊಡ್ಡವನಾದ ತನ್ನ ಪಾಲೇ ಹೆಚ್ಚು. ಹೆಚ್ಚು ಪೆಟ್ಟಾಗದಂತೆ, ನಾಲ್ಕು ಜನ ನೋಡುವಂತೆ ಬೀಳಬೇಕು, ಅಷ್ಟೇ.

ಮನೆ ಮುಂದೆ ಕರೀಂಸಾಬನ ಬಾಡಿಗೆ ಕ್ರೂಸರ್ ಗಾಡಿ ಬಂದು ನಿಂತಿತು. ಪಕ್ಕದ ಮನೆಯ ಕಸ್ತೂರಿಬಾಯಿಯೂ ಹೊರಟು ನಿಂತಿದ್ದಳು. ಕಲ್ಯಾಣಪ್ಪ ಇದೇ ಸಮಯವೆಂದು ಹೊಸ್ತಿಲಿಗೆ ಕಾಲು ತಾಗಿಸಿ ಮುಂದಕ್ಕೆ ವಾಲಿದ. ನೆಲ ಮುಟ್ಟುವ ಮೊದಲೇ ಕಸ್ತೂರಿಬಾಯಿ ಅವನ ರಟ್ಟೆಯನ್ನು ಇಕ್ಕಳದಂತೆ ಹಿಡಿದಳು.

“ದೌಲಪ್ಪ ಕಾಕಾ ಬಿದ್ದಾಗಿಂದ ನನ್ನ ಕಣ್ಣು ಮುದುಕರ ಕಾಲ ಮ್ಯಾಲೇ ಅದಾವ. ನಿಮ್ಮ ಚಪ್ಪಲಿ ತೋರಸ್ರಿ, ಕಾಕಾ. ನೋಡ್ರಿ, ಅಡಿ ಹೆಂಗ ಸವದದ. ಕನ್ನಡಿ ಆಗ್ಯದ.”

“ನನಗ ಇವೇ ಸರಿ ಆಗ್ತಾವ.”

“ಬೀಳೋರೆಲ್ಲ ಹಿಂಗೇ ಅಂತಾರ,” ಎಂದು ಆಕೆ ತನ್ನ ಮಗನ ಬೂಟು ತಂದು, ತಾನೇ ಕೂತು ದಾರ ಬಿಗಿದು ಕಟ್ಟಿದಳು. ಆ ಬೂಟು ಗೋಡೆ ಹಿಡಿದ ಹಲ್ಲಿಯಂತೆ ನೆಲ ಹಿಡಿಯಿತು.

ಕಮಲಾಪುರದಲ್ಲಿ ಗಾಡಿಯಿಂದ ಇಳಿಯುವಾಗ ಕಲ್ಯಾಣಪ್ಪ ಮೆಟ್ಟಿಲು ಬಿಟ್ಟು ಗಾಳಿಗೆ ಕಾಲಿಟ್ಟ. ಕರೀಂಸಾಬ ಅವನನ್ನು ಗಾಳಿಯಲ್ಲೇ ಹಿಡಿದು, ತೊಗರಿ ಚೀಲ ಇಳಿಸಿದಂತೆ ಕೆಳಗಿಟ್ಟ.

“ಸಂಭಾಳಿಸಿ ಇಳೀರಿ, ಸಾಹೇಬ್ರ. ಇಷ್ಟು ವರ್ಷದಾಗ ನನ್ನ ಗಾಡ್ಯಾಗಿಂದ ಒಬ್ರೂ ಬಿದ್ದಿಲ್ಲ.”

“ಇವತ್ತೊಬ್ಬರು ಬಿದ್ರ ಏನಾಗ್ತದ?”

“ನನ್ನ ಇಜ್ಜತ್ ಹೋಗ್ತದ್ರಿ.”

ಚಪ್ಪರದ ಕೆಳಗೆ ದೌಲಪ್ಪ ಫೋಟೊದಲ್ಲಿದ್ದಂತೆಯೇ ಕೂತಿದ್ದ. ಸುತ್ತ ಜನ. ಬಿದ್ದ ಕತೆಯನ್ನು ಮತ್ತೆ ಮೊದಲಿನಿಂದ ಹೇಳುತ್ತಿದ್ದ. ವಿದ್ಯಾವತಿ ಅಪ್ಪನನ್ನು ನೋಡಿ, “ಬಂದ್ಯಾ ಅಪ್ಪಾ? ಅಲ್ಲಿ ಕೂಡು, ಮಾವಾರಿಗೆ ಗುಳಿಗಿ ಕೊಟ್ಟು ಬರ್ತೀನಿ,” ಎಂದು ದಾಟಿ ಹೋದಳು. ಕಲ್ಯಾಣಪ್ಪನಿಗೆ ಸಿಕ್ಕಿದ್ದು ಒಂದು ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿ. ಬೂಟು ಬಿಚ್ಚಿಟ್ಟು ನೇರವಾಗಿ ಬಚ್ಚಲಮನೆಗೆ ನಡೆದ. ದೌಲಪ್ಪನನ್ನು ಬೀಳಿಸಿದ ಬಚ್ಚಲು ತನಗೆ ಮೋಸ ಮಾಡಲಾರದು.

ಮಾಡಿತು. ನೆಲದ ನುಣ್ಣನೆಯ ಫರಸಿ ಕಲ್ಲು ಕಿತ್ತು ಒರಟು ಕಲ್ಲು ಹಾಕಿದ್ದರು. ಗೋಡೆಗೆ ಎರಡು ಉಕ್ಕಿನ ಹಿಡಿಕೆ, ಕಾಲಡಿ ರಬ್ಬರ್ ಹಾಸು, ತಲೆಯ ಮೇಲೆ ಆಪರೇಷನ್ ಕೋಣೆಯಲ್ಲಿರುವಷ್ಟು ಬೆಳಕು. ಒಳಗೆ ಬಿದ್ದವರನ್ನು ಹೊರಗಿನವರು ಬೇಗ ತಲುಪಲೆಂದು ಬಾಗಿಲಿನ ಚಿಲಕವನ್ನೂ ತೆಗೆಸಿದ್ದರು. ಕಲ್ಯಾಣಪ್ಪ ಹಾಸನ್ನು ಸರಿಸಿ ನೀರು ಸುರಿದ. ಸೋಪು ತಿಕ್ಕಿ ಅದರ ಮೇಲೆ ಕುಣಿದೂ ನೋಡಿದ. ಕಾವಲಿಗೆ ಹತ್ತಿದ ದೋಸೆಯಂತೆ ಅಂಗಾಲು ಕಲ್ಲಿಗೆ ಅಂಟಿಕೊಂಡಿತು.

ಬೇರೆ ದಾರಿ ಇರಲಿಲ್ಲ. ಎರಡೂ ಹಿಡಿಕೆ ಹಿಡಿದು ಮೆಲ್ಲಗೆ ಕೆಳಗಿಳಿದು, ಟವೆಲನ್ನು ತಲೆಯಡಿ ಇಟ್ಟುಕೊಂಡು ಮಲಗಿದ. ಒಂದು ಕಾಲನ್ನು ನೋಡುವವರಿಗೆ ಮರುಕ ಬರುವಂತೆ ಮಡಚಿದ. ಆಮೇಲೆ, “ಯಪ್ಪಾ, ಬಿದ್ದೆನ್ರೋ,” ಎಂದು ಕೂಗಿದ.

ಬಾಗಿಲು ತಟ್ಟನೆ ತೆರೆಯಿತು. ಅಳಿಯ ಅರುಣಕುಮಾರ ಅಲ್ಲೇ ನಿಂತಿದ್ದ.

“ಮಾವಾರ, ನಿಮ್ಮನ್ನೇ ಕರಿಯಾಕ ಬಂದಿದ್ದೆ,” ಎಂದ, ಮುಖ ಸಣ್ಣದು ಮಾಡಿ. “ಅಪ್ಪಗ ಕೂಸು ಎತ್ತಾಕ ಧೈರ್ಯ ಇಲ್ಲ. ಬೀಗರ ಕಾಲು ಗಟ್ಟಿ ಅದಾವ, ಅವರ ಕೈಯಾಗೇ ಕೊಡ್ರಿ ಅಂತ ನಿನ್ನೇನೇ ಹೇಳ್ಯಾನ.”

ಕಲ್ಯಾಣಪ್ಪ ಎದ್ದು ಕೂತ. “ನಾ ಬಿದ್ದಿಲ್ಲ.”

ಅಷ್ಟರಲ್ಲಿ ಮನೆಯೆಲ್ಲ ಬಾಗಿಲಲ್ಲಿತ್ತು. “ಮಾವಾರೂ ಮೊದಲ ಹಂಗೇ ಅಂದಿದ್ರು,” ಎಂದಳು ವಿದ್ಯಾವತಿ. “ಎರಡ ದಿನ ಮುಚ್ಚಿಟ್ರು.”

“ಖರೇನೇ ಬಿದ್ದಿಲ್ಲವ್ವಾ.”

“ಮತ್ತ ಬಚ್ಚಲದಾಗ ಯಾಕ ಮಲಗಿದ್ದಿ?”

ಕಲ್ಯಾಣಪ್ಪ ತಲೆದಿಂಬಾಗಿದ್ದ ಟವೆಲನ್ನು ಬೆನ್ನ ಹಿಂದೆ ಸರಿಸಿದ.

“ಮುಂಜಾನಿ ಹೊಸ್ತಿಲಕ್ಕ ಮುಗ್ಗರಿಸಿದ್ರು. ನಾನೇ ಹಿಡದೀನಿ,” ಎಂದು ಕಸ್ತೂರಿಬಾಯಿ ಸಾಕ್ಷಿ ಹೇಳಿದಳು.

“ಗಾಡಿ ಇಳಿಯೋ ಮುಂದೂ ಬೀಳಾಕ ಹತ್ತಿದ್ರು. ನಾ ಇದ್ದೆ ಅಂತ ಉಳದ್ರು,” ಎಂದು ಹಿಂದಿನಿಂದ ಕರೀಂಸಾಬ ಸೇರಿಸಿದ.

“ಒಂದ ದಿನದಾಗ ಮೂರ ಸಲ,” ಎಂದಳು ವಿದ್ಯಾವತಿ. ಅವಳ ಕಣ್ಣು ತುಂಬಿತು. “ಇಂಥಾದ್ರಾಗ ಕೂಸು ಹೆಂಗ ಕೊಡೂದು?”

ನಡೆದು ತೋರಿಸುತ್ತೇನೆಂದು ಕಲ್ಯಾಣಪ್ಪ ಹಿಡಿಕೆ ಹಿಡಿದು ಎದ್ದ. ಮರುಕ ಬರಲೆಂದು ಮಡಚಿಟ್ಟಿದ್ದ ಕಾಲು ಜೋಮು ಹಿಡಿದಿತ್ತು. ಮೊದಲ ಹೆಜ್ಜೆಗೇ ಅವನು ನಿಜವಾಗಿಯೂ ವಾಲಿ ಅರುಣಕುಮಾರನ ಎದೆಗೆ ಹೋಗಿ ಬಿದ್ದ.

ಅವನನ್ನು ಇಬ್ಬರು ಹೊತ್ತು ತಂದು ದೌಲಪ್ಪನ ಪಕ್ಕದಲ್ಲಿ ಕೂರಿಸಿದರು. ಹೆಗಲಿಗೆ ಶಾಲು ಬಂತು, ಸೊಂಟಕ್ಕೆ ಬಿಸಿನೀರಿನ ಚೀಲ ಬಂತು. ಹಿರಿಯ ಗಂಡಸರಿಬ್ಬರೂ ಕೆಲಸಕ್ಕೆ ಬಾರದಂತಾದ ಮೇಲೆ ಹೆಂಗಸರು ತಮ್ಮೊಳಗೆ ಮಾತಾಡಿಕೊಂಡು ಪದ್ಧತಿಯನ್ನು ಅಲ್ಲೇ ತಿದ್ದಿದರು. ಸೂಗಮ್ಮ ಕೂಸನ್ನು ಎತ್ತಿಕೊಂಡು, ಗಂಡನ ಮುಂದಿನಿಂದಲೇ, ಅವನ ಕಡೆ ಕಣ್ಣೆತ್ತಿಯೂ ನೋಡದೆ ತೊಟ್ಟಿಲ ಕಡೆ ನಡೆದಳು. ಕೂಸು ಅವಳ ಬೆರಳು ಹಿಡಿದಿತ್ತು.

ದೌಲಪ್ಪ ಪಕ್ಕಕ್ಕೆ ಬಾಗಿದ.

“ಬೀಗರ, ನಿಮ್ಮ ಮುಂದ ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕೂಸು ನಿಮಗ ಕೊಡ್ರಿ ಅಂತ ದೊಡ್ಡ ಮನಸ ಮಾಡಿ ಹೇಳಿಬಿಟ್ಟೆ. ಹೇಳಿದ ಮ್ಯಾಲೆ ರಾತ್ರೆಲ್ಲಾ ಹೊಟ್ಟಿ ಉರದು ನಿದ್ದಿ ಇಲ್ಲ. ನೀವು ಬಿದ್ರಿ ಅಂದ್ರು ನೋಡ್ರಿ, ಅವಾಗ ತಣ್ಣಗಾತು.”

ತೊಟ್ಟಿಲ ಬಳಿ ಹೆಂಗಸರು ಹಾಡು ಶುರು ಮಾಡಿದರು. ಎಲ್ಲರ ಮೊಬೈಲುಗಳೂ ಸೂಗಮ್ಮನ ಕಡೆ ತಿರುಗಿದವು. ದೌಲಪ್ಪನೂ ಅತ್ತ ನೋಡಿದ. ಅವನ ಮುಖ ಮೆಲ್ಲಗೆ ಹುಳ್ಳಗಾಯಿತು.

“ಈಗ ಮತ್ತ ಉರಿಯಾಕತ್ತದ,” ಎಂದ.

ಕಲ್ಯಾಣಪ್ಪ ತನ್ನ ಬಿಸಿನೀರಿನ ಚೀಲದ ಅರ್ಧವನ್ನು ಬೀಗನ ಕಡೆ ಸರಿಸಿದ.